ಒಂದು ವಾರದ ಒಣ ಕಸ ಎಣಿಸಿ: ಮನೆಯ ಪ್ಲಾಸ್ಟಿಕ್ ತಗ್ಗಿಸಲು ಒಂದು ಮಾರ್ಗದರ್ಶಿ

ಮನೆಯಲ್ಲಿ ಪ್ಲಾಸ್ಟಿಕ್ ಕಡಿಮೆ ಮಾಡಬೇಕೆಂದು ತೀರ್ಮಾನಿಸಿದವರಲ್ಲಿ ಅನೇಕರು ಮೊದಲು ಮಾಡುವ ಕೆಲಸವೆಂದರೆ ಅಂಗಡಿಗೆ ಹೋಗಿ ಬಿದಿರಿನ ಬ್ರಷ್ಷು, ಗಾಜಿನ ಬಾಟಲಿ, ಸ್ಟೀಲಿನ ಡಬ್ಬಿಗಳನ್ನು ಕೊಂಡು ತರುವುದು. ಎರಡನೆಯ ಕೆಲಸ, ಮನೆಯಲ್ಲಿದ್ದ ಹಳೆಯ ಪ್ಲಾಸ್ಟಿಕ್ ಡಬ್ಬಿಗಳನ್ನೆಲ್ಲ ಹೊರಗೆ ಹಾಕುವುದು. ಹತ್ತು ವರ್ಷದಿಂದ ತೊಗರಿಬೇಳೆ ತುಂಬಿಕೊಂಡು ಅಡುಗೆಮನೆಯ ಕಪಾಟಿನಲ್ಲಿ ಕುಳಿತಿರುವ ಡಬ್ಬಿ ಕಸವಲ್ಲ, ಅದು ಪಾತ್ರೆ. ಅದನ್ನು ಎಸೆದ ದಿನವೇ ಅದು ಕಸವಾಗುತ್ತದೆ. ನಾವು ತಗ್ಗಿಸಬೇಕಾಗಿರುವುದು ಬೆಳಿಗ್ಗೆ ಮನೆಯೊಳಗೆ ಬಂದು ಸಂಜೆಯ ಹೊತ್ತಿಗೆ ಬುಟ್ಟಿ ಸೇರುವ ಪ್ಲಾಸ್ಟಿಕ್ಕನ್ನು. ಆದ್ದರಿಂದ ಕೆಳಗಿನ ಕ್ರಮದಲ್ಲಿ ಹೊಸದಾಗಿ ಕೊಳ್ಳುವ ಮಾತು ತೀರ ಕಡಿಮೆ. ಬೆಂಗಳೂರಿನಂಥ ಊರಿನ ನಾಲ್ಕು ಜನರ ಮನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಹಳ್ಳಿಯ ಮನೆಗಳಿಗೆ ಬೇರೆಯಾಗಿ ಹೇಳಬೇಕಾದ ಕಡೆ ಹಾಗೆಯೇ ಹೇಳಿದ್ದೇನೆ.

ಮೊದಲ ವಾರ: ಏನನ್ನೂ ಬದಲಿಸದೆ ಎಣಿಸಿ

ಖಾಲಿಯಾದ ಒಂದು ಅಕ್ಕಿ ಚೀಲವನ್ನು ಪಾತ್ರೆ ತೊಳೆಯುವ ಜಾಗದ ಹತ್ತಿರ ನೇತುಹಾಕಿ, ಏಳು ದಿನ ಮನೆಯಲ್ಲಿ ಬಿಚ್ಚಿದ, ಕತ್ತರಿಸಿದ, ಹರಿದ ಪ್ಲಾಸ್ಟಿಕ್ ಎಲ್ಲವನ್ನೂ ಅದರೊಳಗೆ ಹಾಕಿ. ಹಾಲು, ಮೊಸರು, ಎಣ್ಣೆ ಮೆತ್ತಿದ್ದನ್ನು ಮಾತ್ರ ನೀರಿನಲ್ಲಿ ಜಾಲಿಸಿ ಹಾಕಬೇಕು, ಇಲ್ಲವಾದರೆ ಮೂರನೆಯ ದಿನಕ್ಕೆ ವಾಸನೆ ತಡೆಯಲಾರದೆ ಪ್ರಯೋಗವೇ ನಿಂತುಹೋಗುತ್ತದೆ. ಈ ವಾರ ಯಾರೂ ಯಾವ ಅಭ್ಯಾಸವನ್ನೂ ತಿದ್ದಿಕೊಳ್ಳಬಾರದು. ನೆಂಟರು ಬಂದು ಹೋಟೆಲಿನಿಂದ ಊಟ ತರಿಸಿದರೆ ಅದೂ ಲೆಕ್ಕಕ್ಕೆ ಸೇರಲಿ.

ಭಾನುವಾರ ಹಳೆಯ ಪತ್ರಿಕೆ ಹಾಸಿ, ಚೀಲವನ್ನು ಸುರಿದು, ಗುಂಪು ಮಾಡಿ. ಗುಂಪು ಮಾಡುವಾಗ ಅದು ಯಾವ ಬಗೆಯ ಪ್ಲಾಸ್ಟಿಕ್ ಎಂದು ನೋಡುವುದಕ್ಕಿಂತ ಅದು ಯಾವ ದಾರಿಯಲ್ಲಿ ಮನೆಯೊಳಗೆ ಬಂತು ಎಂದು ನೋಡುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ: ಹಾಲಿನವನಿಂದ ಬಂದದ್ದು, ದಿನಸಿ ಅಂಗಡಿಯಿಂದ ಬಂದದ್ದು, ತರಕಾರಿ ಮತ್ತು ಹೂವಿನ ಜೊತೆ ಬಂದದ್ದು, ಹೋಟೆಲ್ ಪಾರ್ಸೆಲ್, ಆನ್‌ಲೈನ್ ಪೆಟ್ಟಿಗೆ, ಮಕ್ಕಳ ತಿಂಡಿ, ಬಚ್ಚಲುಮನೆ. ತೂಕ ಹಾಕಬೇಡಿ, ಎಣಿಸಿ. ಪ್ಲಾಸ್ಟಿಕ್ ಹಗುರವಾದ್ದರಿಂದ ತೂಕದ ಲೆಕ್ಕ ನಮ್ಮನ್ನು ಸುಲಭವಾಗಿ ಸಮಾಧಾನಪಡಿಸಿಬಿಡುತ್ತದೆ. ನಮ್ಮ ಮನೆಯಲ್ಲಿ ಮೊದಲ ಸಲ ಎಣಿಸಿದಾಗ ತರಕಾರಿ ಕವರ್‌ಗಳೇ ಮೇಲುಗೈ ಆಗಿರುತ್ತವೆಂದು ನಾನು ಅಂದುಕೊಂಡಿದ್ದೆ. ಹಾಲಿನ ಪ್ಯಾಕೆಟ್ಟು ಮತ್ತು ಐದು, ಹತ್ತು ರೂಪಾಯಿಯ ತಿಂಡಿ ಪೊಟ್ಟಣಗಳ ರಾಶಿಯ ಮುಂದೆ ಅವು ಏನೂ ಅಲ್ಲವಾಗಿದ್ದವು. ನಿಮ್ಮ ಮನೆಯ ಲೆಕ್ಕ ಬೇರೆಯೇ ಇದ್ದೀತು. ಪ್ರತಿ ಗುಂಪಿನ ಸಂಖ್ಯೆಯನ್ನು ಗೋಡೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಡಿ, ಮುಂದೆ ಬೇಕಾಗುತ್ತದೆ. ಯಾವ ಗುಂಪು ದೊಡ್ಡದೋ ಅಲ್ಲಿಂದ ಕೆಲಸ ಶುರುಮಾಡಿ, ಒಂದು ತಿಂಗಳಿಗೆ ಒಂದು ಗುಂಪು ಸಾಕು.

ಹಾಲಿನ ಪ್ಯಾಕೆಟ್ಟು

ಕರ್ನಾಟಕದ ಪಟ್ಟಣದ ಮನೆಗಳಲ್ಲಿ ಒಂದು ದಿನವೂ ತಪ್ಪದೆ ಬರುವ ಪ್ಲಾಸ್ಟಿಕ್ ಎಂದರೆ ಇದೇ. ದಿನಕ್ಕೆ ಅರ್ಧ ಲೀಟರಿನ ಎರಡು ಪ್ಯಾಕೆಟ್ ತರಿಸುವ ಮನೆಯಲ್ಲಿ ವರ್ಷಕ್ಕೆ 730 ಪ್ಯಾಕೆಟ್‌ಗಳಾಗುತ್ತವೆ. ಅದನ್ನೇ ಒಂದು ಲೀಟರಿನ ಪ್ಯಾಕೆಟ್ಟಿಗೆ ಬದಲಿಸಿದರೆ 365. ಹಾಲು ಅಷ್ಟೇ, ಪ್ಯಾಕೆಟ್ ಅರ್ಧ, ಒಟ್ಟು ಪ್ಲಾಸ್ಟಿಕ್ಕೂ ಕಡಿಮೆ, ಏಕೆಂದರೆ ಪೊಟ್ಟಣ ಚಿಕ್ಕದಾದಷ್ಟೂ ಒಳಗಿನ ಪದಾರ್ಥಕ್ಕೆ ಹೋಲಿಸಿದರೆ ಹೊರಗಿನ ಹೊದಿಕೆ ಹೆಚ್ಚಾಗುತ್ತದೆ. ಇದೇ ಲೆಕ್ಕ ಶಾಂಪೂ ಸ್ಯಾಶೆಗೂ, ಹತ್ತು ರೂಪಾಯಿಯ ಸಾರಿನ ಪುಡಿಗೂ ಅನ್ವಯಿಸುತ್ತದೆ. ಮೊಸರಿನ ಪ್ಯಾಕೆಟ್ಟನ್ನು ಪೂರ್ತಿ ಬಿಟ್ಟುಬಿಡಬಹುದು. ರಾತ್ರಿ ಮಲಗುವ ಮುನ್ನ ಉಗುರುಬೆಚ್ಚಗಿನ ಹಾಲಿಗೆ ಒಂದು ಚಮಚ ಹೆಪ್ಪು ಹಾಕಿಡುವುದು ಹೊಸ ವಿದ್ಯೆಯೇನಲ್ಲ. ಊರಿನಲ್ಲಿ ಹಾಲಿನ ಡೇರಿ ಇದ್ದು, ತಂಬಿಗೆ ಹಿಡಿದು ಹೋದರೆ ಅಳೆದು ಕೊಡುವ ವ್ಯವಸ್ಥೆ ಇದ್ದವರು ಪುಣ್ಯವಂತರು.

ಪ್ಯಾಕೆಟ್ಟನ್ನು ಕತ್ತರಿಸುವ ರೀತಿಯೂ ಮುಖ್ಯ. ನಾವು ಮೂಲೆಯನ್ನು ಕತ್ತರಿಯಿಂದ ಪೂರ್ತಿ ಕತ್ತರಿಸಿ ಬೀಳಿಸುತ್ತೇವೆ. ಉಗುರಿನಷ್ಟಿರುವ ಆ ತ್ರಿಕೋನದ ತುಂಡು ಸಿಂಕಿನ ಜಾಲರಿಯಲ್ಲಿಯೋ, ಗುಡಿಸಿದ ಕಸದಲ್ಲಿಯೋ, ತರಕಾರಿ ಸಿಪ್ಪೆಯೊಂದಿಗೆ ಹಸಿ ಕಸದಲ್ಲಿಯೋ ಸೇರಿ ಕೊನೆಗೆ ಗೊಬ್ಬರದೊಳಗೆ ಹೋಗುತ್ತದೆ. ಅಷ್ಟು ಚಿಕ್ಕದನ್ನು ಯಾರೂ ಆರಿಸಿ ತೆಗೆಯಲಾರರು. ಮುಕ್ಕಾಲು ಪಾಲು ಕತ್ತರಿಸಿ, ತುದಿ ಪ್ಯಾಕೆಟ್ಟಿಗೇ ಅಂಟಿಕೊಂಡಿರುವಂತೆ ಬಿಟ್ಟು ಹಾಲು ಬಗ್ಗಿಸಿ. ಖಾಲಿ ಪ್ಯಾಕೆಟ್ಟಿಗೆ ಸ್ವಲ್ಪ ನೀರು ಹಾಕಿ ಕುಲುಕಿ, ಆ ನೀರನ್ನು ಗಿಡಕ್ಕೆ ಸುರಿದು, ಪ್ಯಾಕೆಟ್ಟನ್ನು ಬಟ್ಟೆ ಒಣಗಿಸುವ ತಂತಿಗೆ ಕ್ಲಿಪ್ಪು ಹಾಕಿ ಒಣಗಿಸಿದರೆ ಅದು ಹಳೆ ಪೇಪರ್ ಅಂಗಡಿಯವರೂ ತೆಗೆದುಕೊಳ್ಳುವ ಮಾಲು.

ಕೈಚೀಲ, ಮತ್ತು ಬಟ್ಟೆಯಂತೆ ಕಾಣುವ ಚೀಲ

ಕ್ಯಾರಿ ಬ್ಯಾಗುಗಳನ್ನು ಕರ್ನಾಟಕ ಸರ್ಕಾರ 2016ರ ಮಾರ್ಚ್‌ನಲ್ಲಿಯೇ ನಿಷೇಧಿಸಿತು. ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಥರ್ಮೋಕೋಲ್ ಸಾಮಾನುಗಳೂ ಆ ಅಧಿಸೂಚನೆಯಲ್ಲಿದ್ದವು. ಕೇಂದ್ರ ಸರ್ಕಾರ 2022ರ ಜುಲೈ 1ರಿಂದ ಸ್ಟ್ರಾ, ಚಮಚ, ತಟ್ಟೆ, ಪ್ಲಾಸ್ಟಿಕ್ ಕಡ್ಡಿಯ ಇಯರ್‌ಬಡ್, ಸಿಹಿತಿಂಡಿ ಪೆಟ್ಟಿಗೆಗೆ ಸುತ್ತುವ ತೆಳುಹಾಳೆ ಮುಂತಾದವುಗಳನ್ನು ದೇಶದಾದ್ಯಂತ ನಿಷೇಧಿಸಿತು. ಆದರೂ ಸಂತೆಯಲ್ಲಿ ಅರ್ಧ ಕೆಜಿ ಟೊಮೆಟೊ ಕೊಂಡರೆ ಕವರ್ ಬಂದೇ ಬರುತ್ತದೆ. ಇದಕ್ಕೆ ವ್ಯಾಪಾರಿಯನ್ನು ಮಾತ್ರ ದೂರುವುದು ನ್ಯಾಯವಲ್ಲ. ಬರಿಗೈಯಲ್ಲಿ ಬಂದ ಗಿರಾಕಿ ಕವರ್ ಇಲ್ಲವೆಂದರೆ ಪಕ್ಕದ ಗಾಡಿಗೆ ಹೋಗುತ್ತಾನೆಂಬ ಭಯ ಆಕೆಗಿದೆ. ಇನ್ನು, ಕಾರ್ಖಾನೆಯಲ್ಲೇ ತುಂಬಿ ಮುಚ್ಚಿ ಬರುವ ಹಾಲು, ಬೇಳೆ, ಚಿಪ್ಸ್ ಪ್ಯಾಕೆಟ್‌ಗಳನ್ನು ಈ ನಿಷೇಧಗಳು ಮುಟ್ಟುವುದಿಲ್ಲ ಎಂಬುದೂ ನೆನಪಿನಲ್ಲಿರಲಿ.

ಚೀಲ ಎಲ್ಲರ ಮನೆಯಲ್ಲೂ ಇರುತ್ತದೆ, ಬೇಕಾದ ಹೊತ್ತಿಗೆ ಕೈಯಲ್ಲಿರುವುದಿಲ್ಲ. ಆದ್ದರಿಂದ ಚೀಲಗಳನ್ನು ಅಡುಗೆಮನೆಯ ಕಪಾಟಿನಲ್ಲಿ ಮಡಿಸಿಡದೆ, ಸ್ಕೂಟರಿನ ಡಿಕ್ಕಿಯಲ್ಲಿ ಎರಡು, ಆಫೀಸಿನ ಬ್ಯಾಗಿನಲ್ಲಿ ಒಂದು, ಚಪ್ಪಲಿ ಬಿಡುವ ಜಾಗದ ಮೊಳೆಗೆ ಎರಡು ಎಂದು ಹಂಚಿಬಿಡಿ. ತರಕಾರಿಯನ್ನು ಬೇರೆ ಬೇರೆಯಾಗಿ ಕಟ್ಟಿಸಿಕೊಳ್ಳಲೇಬೇಕೆಂದಿದ್ದರೆ ಹಳೆಯ ಪಂಚೆ ಅಥವಾ ಸೀರೆಯ ತುಂಡಿನಿಂದ ಐದಾರು ಚಿಕ್ಕ ಚೀಲಗಳನ್ನು ಹೊಲಿಸಿಕೊಳ್ಳಿ. ಬೀನ್ಸು, ಮೆಣಸಿನಕಾಯಿ, ಶುಂಠಿಗೆ ಅವು ಸಾಕು. ಸೊಪ್ಪನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿಟ್ಟರೆ ಕವರ್‌ನಲ್ಲಿಟ್ಟಷ್ಟೇ ದಿನ ಬಾಳುತ್ತದೆ. ಹೂವಿನವರ ಹತ್ತಿರ ಬಾಳೆಲೆಯಲ್ಲಿ ಕಟ್ಟಿಕೊಡಿ ಎಂದು ಕೇಳಿದರೆ ಇಲ್ಲವೆನ್ನುವವರು ಕಡಿಮೆ. ಮೀನು, ಮಾಂಸ ತರುವವರು ಮುಚ್ಚಳ ಬಿಗಿಯಾದ ಸ್ಟೀಲ್ ಡಬ್ಬಿಯನ್ನು ಅಂಗಡಿಯವನು ತೂಕ ಮಾಡುವ ಮೊದಲೇ ಮುಂದಿಡಬೇಕು, ಕವರ್‌ಗೆ ತುಂಬಿದ ಮೇಲೆ ಹೇಳಿ ಪ್ರಯೋಜನವಿಲ್ಲ.

ಮದುವೆ, ಗೃಹಪ್ರವೇಶಗಳಲ್ಲಿ ತಾಂಬೂಲ ಹಾಕಿ ಕೊಡುವ, ಬಟ್ಟೆಯಂಗಡಿಗಳಲ್ಲಿ ಹೆಸರು ಅಚ್ಚು ಹಾಕಿ ಕೊಡುವ ಬಣ್ಣಬಣ್ಣದ ಚೀಲಗಳನ್ನು ನಮ್ಮಲ್ಲಿ ಹಲವರು ಬಟ್ಟೆಯೆಂದೇ ತಿಳಿದಿದ್ದಾರೆ. ಅವು ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಎಳೆಗಳನ್ನು ನೇಯದೆ, ಕಾವಿನಲ್ಲಿ ಒತ್ತಿ ಮಾಡಿದ ಹಾಳೆಗಳು. ಬೆಳಕಿಗೆ ಹಿಡಿದು ನೋಡಿದರೆ ಹಾಸು ಹೊಕ್ಕಿನ ನೇಯ್ಗೆ ಕಾಣುವುದಿಲ್ಲ, ಅದರ ಬದಲು ಸಾಲಾಗಿ ಚುಕ್ಕೆಗಳ ಅಚ್ಚು ಕಾಣುತ್ತದೆ. ಬಿಸಿಲಿಗೆ ಕೆಲವು ತಿಂಗಳು ಬಿದ್ದರೆ ಇವು ಪುಡಿಪುಡಿಯಾಗಿ ಉದುರುತ್ತವೆ. ಮನೆಯಲ್ಲಿರುವುದನ್ನು ಹರಿಯುವವರೆಗೆ ಬಳಸಿ, ಹೊಸದಾಗಿ ಬೇಡವೆನ್ನಿ.

‘ಮಣ್ಣಿನಲ್ಲಿ ಕರಗುವ’ ಚೀಲಗಳ ವಿಷಯದಲ್ಲೂ ಎಚ್ಚರ ಬೇಕು. ಕಾಂಪೋಸ್ಟ್ ಆಗುವ ಪ್ಲಾಸ್ಟಿಕ್ ಎಂದು ಮಾರಬೇಕಾದರೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಇರಬೇಕು. ಆ ಪ್ರಮಾಣಪತ್ರವಿರುವ ಚೀಲ ಕೂಡ ಹೆಚ್ಚಿನ ಉಷ್ಣತೆ ಕಾಯ್ದುಕೊಳ್ಳುವ ದೊಡ್ಡ ಗೊಬ್ಬರ ಘಟಕಗಳನ್ನು ಲೆಕ್ಕಕ್ಕಿಟ್ಟು ಮಾಡಿದ್ದು. ನಮ್ಮ ತಾರಸಿಯ ಮಡಕೆಯಲ್ಲಿ ಅದು ತಿಂಗಳುಗಟ್ಟಲೆ ಹಾಗೆಯೇ ಇರಬಲ್ಲದು. ಹಸಿ ಕಸದ ಬುಟ್ಟಿಗೆ ಕವರ್ ಹಾಕುವ ಅಗತ್ಯವೇ ಇಲ್ಲ. ತಳಕ್ಕೆ ಎರಡು ಹಾಳೆ ಪತ್ರಿಕೆ ಹಾಸಿ, ದಿನಾ ಬುಟ್ಟಿ ತೊಳೆದರೆ ಸಾಕು.

ದಿನಸಿ

ಮೊದಲು ಕಾಗದದ ಪೊಟ್ಟಣ, ಹುರಿ, ತಕ್ಕಡಿ ಇದ್ದ ಅಂಗಡಿಗಳಲ್ಲೂ ಈಗ ಬೇಳೆಕಾಳುಗಳು ಮೊದಲೇ ಕಟ್ಟಿಟ್ಟ ಕವರ್‌ಗಳಲ್ಲಿ ಬರುತ್ತವೆ. ಬಿಡಿಯಾಗಿ ತೂಗಿಕೊಡುವ ಒಂದು ಅಂಗಡಿಯನ್ನು ಹುಡುಕಿಟ್ಟುಕೊಂಡು ತಿಂಗಳಿಗೊಮ್ಮೆ ಹೋಗುವುದು ಒಳ್ಳೆಯ ದಾರಿ. ಅದು ಸಿಗದಿದ್ದರೆ ಅಕ್ಕಿ, ಸಕ್ಕರೆ, ರವೆ, ರಾಗಿಯನ್ನು ದೊಡ್ಡ ಚೀಲದಲ್ಲಿ ತಂದು ಪಕ್ಕದ ಮನೆಯವರೊಂದಿಗೆ ಹಂಚಿಕೊಳ್ಳಬಹುದು. ಹುಳ ಹಿಡಿಯುವ ಭಯಕ್ಕೆ ಬೇವಿನ ಎಲೆ, ಒಣಮೆಣಸಿನಕಾಯಿ, ಬಿಸಿಲು ಇವೆ. ಅಡುಗೆ ಎಣ್ಣೆಗೆ ಹತ್ತಿರದ ಗಾಣಕ್ಕೆ ಕ್ಯಾನು ಒಯ್ದರೆ ತುಂಬಿಸಿ ಕೊಡುತ್ತಾರೆ. ಬೆಲೆ ಹೆಚ್ಚೆಂಬುದು ನಿಜ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಹಣದ ಕಡೆಯಿಂದ ಸಾಧ್ಯವಾಗದವರು ಒಂದು ಲೀಟರಿನ ಪ್ಯಾಕೆಟ್ಟಿನ ಬದಲು ಐದು ಲೀಟರಿನ ಕ್ಯಾನು ತಂದರೂ ಸಾಕು, ಖಾಲಿ ಕ್ಯಾನಿಗೆ ಮನೆಯಲ್ಲಿ ನೂರು ಕೆಲಸಗಳಿವೆ.

ಮಕ್ಕಳ ತಿಂಡಿಯ ಪೊಟ್ಟಣಗಳೇ ಕಷ್ಟದ ಭಾಗ. ಒಳಗೆ ಬೆಳ್ಳಿಯಂತೆ ಹೊಳೆಯುವ ಚಿಪ್ಸ್, ಬಿಸ್ಕೆಟ್ ಕವರ್‌ಗಳಲ್ಲಿ ಬೇರೆ ಬೇರೆ ಪ್ಲಾಸ್ಟಿಕ್ ಪದರಗಳ ನಡುವೆ ಅಲ್ಯೂಮಿನಿಯಂ ಲೇಪ ಇರುತ್ತದೆ. ಆ ಪದರಗಳನ್ನು ಬಿಡಿಸಲಾಗದ ಕಾರಣ ಗುಜರಿಯವರು ಅದನ್ನು ಮುಟ್ಟುವುದಿಲ್ಲ. ಹೆಚ್ಚೆಂದರೆ ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಇಂಧನವಾಗಿ ಹೋಗುತ್ತದೆ. ಮಗುವಿನ ಕೈಯಿಂದ ಪೊಟ್ಟಣ ಕಿತ್ತುಕೊಳ್ಳುವುದರಿಂದ ಜಗಳ ಮಾತ್ರ ಆಗುತ್ತದೆ. ವಾರಕ್ಕೊಮ್ಮೆ ಬಿಡಿಯಾಗಿ ತೂಗಿಕೊಡುವ ಕಾಂಡಿಮೆಂಟ್ಸ್ ಅಂಗಡಿಗೆ ಮಗುವನ್ನೇ ಕರೆದುಕೊಂಡು ಹೋಗಿ, ಕೋಡುಬಳೆ, ಖಾರ ಅವಲಕ್ಕಿ, ಕಡಲೆಮಿಠಾಯಿಗಳಲ್ಲಿ ತನಗೆ ಬೇಕಾದ್ದನ್ನು ತನ್ನ ಡಬ್ಬಿಗೆ ತಾನೇ ತುಂಬಿಸಿಕೊಳ್ಳಲು ಬಿಡಿ.

ಹೋಟೆಲಿನಿಂದ ಪಾರ್ಸೆಲ್

ದರ್ಶಿನಿಯಿಂದ ನಾಲ್ಕು ಪ್ಲೇಟ್ ಇಡ್ಲಿ ಕಟ್ಟಿಸಿಕೊಂಡು ಬಂದರೆ ಚಟ್ನಿಗೆ ಒಂದು, ಸಾಂಬಾರಿಗೆ ಒಂದು, ಇಡ್ಲಿಯ ಕೆಳಗೆ ಒಂದು, ಎಲ್ಲವನ್ನೂ ಹಿಡಿದು ತರಲು ಇನ್ನೊಂದು. ಕುದಿಯುವ ಸಾಂಬಾರನ್ನು ತೆಳು ಕವರ್‌ಗೆ ಸುರಿದು ರಬ್ಬರ್ ಬ್ಯಾಂಡ್ ಸುತ್ತುವುದು ಕಸದ ಪ್ರಶ್ನೆಗಿಂತ ಮೊದಲು ಆರೋಗ್ಯದ ಪ್ರಶ್ನೆ. ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆಯ ಮೇಲೆ ಇಡ್ಲಿ ಬೇಯಿಸುವುದು ಪತ್ತೆಯಾದ ಮೇಲೆ, 2025ರ ಫೆಬ್ರವರಿಯಲ್ಲಿ ರಾಜ್ಯದ ಆರೋಗ್ಯ ಇಲಾಖೆ ಹೋಟೆಲುಗಳಲ್ಲಿ ಅದನ್ನು ನಿಲ್ಲಿಸುವ ಕ್ರಮಕ್ಕೆ ಮುಂದಾಯಿತು. ಬೇಯಿಸುವಾಗ ಬೇಡವಾದದ್ದನ್ನು ಕಟ್ಟಿಕೊಡುವಾಗ ಒಪ್ಪಿಕೊಳ್ಳುವುದು ವಿಚಿತ್ರ.

ಇದಕ್ಕೆ ಟಿಫಿನ್ ಕ್ಯಾರಿಯರ್‌ಗಿಂತ ಒಳ್ಳೆಯ ಉಪಾಯ ಇಲ್ಲ. ಮೊದಲ ಎರಡು ಸಲ ಮುಜುಗರವಾಗುತ್ತದೆ, ಮೂರನೆಯ ಸಲಕ್ಕೆ ಕೌಂಟರಿನಲ್ಲಿರುವವರೇ ಗುರುತು ಹಿಡಿದು ಒಂದು ಸೌಟು ಸಾಂಬಾರು ಹೆಚ್ಚಿಗೆ ಹಾಕುತ್ತಾರೆ. ಮನೆಗೇ ತರಿಸಿಕೊಳ್ಳುವವರು ಆರ್ಡರ್ ಮಾಡುವಾಗ ಚಮಚ, ಟಿಶ್ಯೂ ಬೇಡವೆಂಬ ಗುರುತು ಹಾಕಬಹುದು, ಆದರೆ ಡಬ್ಬಿಗಳು ತಪ್ಪುವುದಿಲ್ಲ. ಆ ಕಪ್ಪು ಬಿಳಿ ಡಬ್ಬಿಗಳನ್ನು ತೊಳೆದು ನೆಂಟರಿಗೆ ಪಲ್ಯ, ಸಿಹಿ ಕಟ್ಟಿಕೊಡಲು ಇಟ್ಟುಕೊಳ್ಳಿ, ಬಿಸಿ ಪದಾರ್ಥ ಹಾಕಬೇಡಿ. ಕಾಗದದ ಲೋಟದ ಬಗ್ಗೆಯೂ ಒಂದು ಮಾತು. ಕಾಫಿ ನೆನೆದು ಸೋರದಿರಲೆಂದು ಅದರ ಒಳಮೈಗೆ ಪ್ಲಾಸ್ಟಿಕ್ಕಿನ ತೆಳುಪದರ ಅಂಟಿಸಿರುತ್ತಾರೆ. ಅದು ಕಾಗದವಾಗಿಯೂ ಮರುಬಳಕೆಯಾಗದೆ, ಪ್ಲಾಸ್ಟಿಕ್ಕಾಗಿಯೂ ಮರುಬಳಕೆಯಾಗದೆ ಉಳಿಯುತ್ತದೆ. ದರ್ಶಿನಿಯಲ್ಲಿ ನಿಂತು ಸ್ಟೀಲ್ ಲೋಟದಲ್ಲೇ ಕುಡಿಯುವುದಕ್ಕೆ ಎರಡು ನಿಮಿಷ ಹೆಚ್ಚು ಬೇಕಾದೀತು, ಅಷ್ಟೇ.

ಬಚ್ಚಲುಮನೆ

ಇಲ್ಲಿ ಹೇಳುವುದು ಹೆಚ್ಚಿಲ್ಲ. ಬಾಟಲಿಯಲ್ಲಿ ಬರುವ ಬಾಡಿವಾಶ್ ಮತ್ತು ಹ್ಯಾಂಡ್‌ವಾಶ್ ಬದಲು ಸೋಪು. ತಲೆಗೆ ವಾರದಲ್ಲಿ ಒಂದು ದಿನವಾದರೂ ಸೀಗೆಪುಡಿ. ಮೈ ಉಜ್ಜಲು ಹೀರೆಕಾಯಿಯ ನಾರು. ಪಾತ್ರೆ ಉಜ್ಜಲು, ಸವೆದು ನೀರಿಗೆ ಚೂರುಗಳನ್ನು ಬಿಡುವ ಹಸಿರು ಸ್ಕ್ರಬ್ಬರ್ ಬದಲು ತೆಂಗಿನ ನಾರು. ಬಿದಿರಿನ ಬ್ರಷ್ಷಿನ ಕೂದಲು ಸಾಮಾನ್ಯವಾಗಿ ನೈಲಾನೇ ಆಗಿರುವುದರಿಂದ ಅದನ್ನು ಗಿಡದ ಬುಡಕ್ಕೆ ಹಾಕುವ ಮೊದಲು ಕೂದಲನ್ನು ಕಿತ್ತು ತೆಗೆಯಬೇಕು.

ಸ್ಯಾನಿಟರಿ ಪ್ಯಾಡಿನ ವಿಷಯವನ್ನು ಇಂಥ ಲೇಖನಗಳಲ್ಲಿ ಸಂಕೋಚದಿಂದ ಬಿಟ್ಟುಬಿಡುವುದುಂಟು. ಮಾರುಕಟ್ಟೆಯ ಪ್ಯಾಡುಗಳ ಕೆಳಪದರ ಪ್ಲಾಸ್ಟಿಕ್ ಹಾಳೆ. ತೊಳೆದು ಬಳಸುವ ಬಟ್ಟೆಯ ಪ್ಯಾಡ್ ಮತ್ತು ಹಲವು ವರ್ಷ ಬಾಳುವ ಮುಟ್ಟಿನ ಕಪ್ಪು ಎರಡೂ ಈಗ ಸುಲಭವಾಗಿ ಸಿಗುತ್ತವೆ. ದಕ್ಷಿಣ ಕನ್ನಡ ಮತ್ತು ಚಾಮರಾಜನಗರ ಜಿಲ್ಲೆಗಳ ವಿದ್ಯಾರ್ಥಿನಿಯರಿಗೆ ಸರ್ಕಾರವೇ 2023ರಲ್ಲಿ ಪ್ರಾಯೋಗಿಕವಾಗಿ ಕಪ್ಪುಗಳನ್ನು ಕೊಟ್ಟಿತು. ಯಾವುದು ಹೊಂದುತ್ತದೆ ಎಂಬುದನ್ನು ಬಳಸುವವರೇ ನಿರ್ಧರಿಸಬೇಕು, ಮನೆಯ ಪ್ಲಾಸ್ಟಿಕ್ ಲೆಕ್ಕಕ್ಕಾಗಿ ಬೇರೆಯವರು ಒತ್ತಾಯಿಸುವ ಸಂಗತಿ ಇದಲ್ಲ. ಪ್ಯಾಡನ್ನೇ ಬಳಸುವುದಾದರೆ ಪತ್ರಿಕೆಯಲ್ಲಿ ಸುತ್ತಿ, ಕೆಂಪು ಗುರುತು ಹಾಕಿ, ಬೇರೆಯಾಗಿ ಕೊಡಿ. ಅದನ್ನು ಬರಿಗೈಯಲ್ಲಿ ಬಿಚ್ಚಿ ನೋಡುವ ಗತಿ ಪೌರಕಾರ್ಮಿಕರಿಗೆ ಬರಬಾರದು.

ಮನೆಯಲ್ಲಿ ಸಮಾರಂಭವಿದ್ದಾಗ

ಆರು ತಿಂಗಳು ಜೋಪಾನ ಮಾಡಿದ್ದು ಒಂದು ನಾಮಕರಣದ ಮಧ್ಯಾಹ್ನದಲ್ಲಿ ಹೋಗಿಬಿಡಬಹುದು. ಅಡುಗೆಯವರಿಗೆ ಮುಂಗಡ ಕೊಡುವ ದಿನವೇ ಹೇಳಬೇಕಾದ ಮಾತುಗಳಿವೆ: ಮೇಜಿನ ಮೇಲೆ ಸುತ್ತುವ ಹಾಳೆ ಬೇಡ, ಎಲೆಯ ಪಕ್ಕ ಕಾಲು ಲೀಟರಿನ ನೀರಿನ ಬಾಟಲಿ ಬೇಡ, ಪಾಯಸಕ್ಕೆ ಪ್ಲಾಸ್ಟಿಕ್ ಬಟ್ಟಲು ಬೇಡ. ಬಾಳೆಲೆ ಹೇಗೂ ಇರುತ್ತದೆ. ಬಫೆ ಆದರೆ ಅಡಿಕೆ ಹಾಳೆಯ ತಟ್ಟೆ ಅಥವಾ ಮುತ್ತುಗದೆಲೆ. ಪ್ಲಾಸ್ಟಿಕ್ ಲೇಪವಿರುವ ಹೊಳಪಿನ ಕಾಗದದ ತಟ್ಟೆಯನ್ನು ಬಾಳೆಲೆಯಂತೆ ಬಣ್ಣ ಹಚ್ಚಿ ಮಾರುತ್ತಾರೆ, ಅದಕ್ಕೆ ಮೋಸಹೋಗಬೇಡಿ. ಶಾಮಿಯಾನದವರ ಬಳಿ ಸ್ಟೀಲ್ ಲೋಟಗಳು ನೂರುಗಟ್ಟಲೆ ಇರುತ್ತವೆ, ತೊಳೆಯಲು ಒಬ್ಬರಿಗೆ ಕೂಲಿ ಕೊಟ್ಟರೆ ಬಾಟಲಿಗಳಿಗೆ ಕೊಡುವ ಹಣಕ್ಕಿಂತ ಹೆಚ್ಚಾಗುವುದಿಲ್ಲ. ಗೌರಿ ಗಣೇಶ ಹಬ್ಬದ ಮಂಟಪಕ್ಕೆ ಅಲಂಕಾರದ ಥರ್ಮೋಕೋಲ್ 2022ರ ನಿಷೇಧದ ಪಟ್ಟಿಯಲ್ಲೇ ಇದೆ. ಬಾಳೆಕಂದು, ಮಾವಿನ ತೋರಣ, ಹಳೆಯ ರೇಷ್ಮೆ ಸೀರೆಯ ಮುಂದೆ ಅದು ಸಪ್ಪೆಯೂ ಹೌದು.

ಇಷ್ಟಾದರೂ ಉಳಿಯುವುದನ್ನು ಏನು ಮಾಡಬೇಕು

ಬೆಂಗಳೂರಿನಲ್ಲಿ ಹೈಕೋರ್ಟಿನ ಆದೇಶದಂತೆ ‘ಎರಡು ಬುಟ್ಟಿ, ಒಂದು ಚೀಲ’ ಎಂಬ ಪದ್ಧತಿ ಬಂದಿದೆ. ಹಸಿ ಕಸಕ್ಕೆ ಹಸಿರು ಬುಟ್ಟಿ, ಪ್ಯಾಡು, ಡಯಾಪರ್ ಮುಂತಾದ ತಿರಸ್ಕೃತ ಕಸಕ್ಕೆ ಕೆಂಪು ಬುಟ್ಟಿ, ಒಣ ಕಸಕ್ಕೆ ಚೀಲ. ಬೆಂಗಳೂರಿನ ಕಸವನ್ನು ತಂದು ಸುರಿಯುತ್ತಿದ್ದ ಹೊರವಲಯದ ಮಂಡೂರಿನ ಜನರು ಪಟ್ಟ ಪಾಡನ್ನು, 2014ರ ಕೊನೆಗೆ ಅಲ್ಲಿ ಕಸ ಸುರಿಯುವುದನ್ನು ನಿಲ್ಲಿಸುವವರೆಗೆ ಅವರು ನಡೆಸಿದ ಹೋರಾಟವನ್ನು ಬಲ್ಲವರಿಗೆ ಈ ಬುಟ್ಟಿಗಳ ಹಿಂದಿನ ಕಾರಣವನ್ನು ವಿವರಿಸಬೇಕಾಗಿಲ್ಲ. ಬೇರ್ಪಡಿಸಿದ ಒಣ ಕಸ ಒಣ ತ್ಯಾಜ್ಯ ಸಂಗ್ರಹಣಾ ಕೇಂದ್ರಗಳಿಗೆ ಹೋಗುತ್ತದೆ. ಇಂಥ ಹಲವು ಕೇಂದ್ರಗಳನ್ನು ‘ಹಸಿರು ದಳ’ ಎಂಬ ಸಂಸ್ಥೆಯ ಬೆಂಬಲದೊಂದಿಗೆ, ಮೊದಲು ಬೀದಿಯಲ್ಲಿ ಚಿಂದಿ ಆಯುತ್ತಿದ್ದವರೇ ನಡೆಸುತ್ತಿದ್ದಾರೆ. ಅವರ ಆದಾಯ ನಮ್ಮ ಕಸ ಎಷ್ಟು ಸ್ವಚ್ಛವಾಗಿದೆ ಎಂಬುದರ ಮೇಲೆ ನಿಂತಿದೆ. ಸಾರು ಮೆತ್ತಿದ ಡಬ್ಬಿ ಅದರ ಜೊತೆಗಿರುವ ಕಾಗದವನ್ನೂ ಹಾಳುಮಾಡುತ್ತದೆ.

ಆದ್ದರಿಂದ ತೊಳೆಯಿರಿ, ಒಣಗಿಸಿ, ನಂತರ ಚೀಲಕ್ಕೆ ಹಾಕಿ. ಇದಕ್ಕಾಗಿ ಬೇರೆ ನೀರು ಬೇಡ. ಪಾತ್ರೆ ತೊಳೆದು ಮುಗಿದ ಮೇಲೆ ಉಳಿದ ಸೋಪಿನ ನೀರೇ ಸಾಕು. ಒಂದು ಮಾತು ಬಿಚ್ಚಿ ಹೇಳಬೇಕು: ಬಹುಪಾಲು ಮನೆಗಳಲ್ಲಿ ಈ ತೊಳೆಯುವ ಕೆಲಸ ಅಮ್ಮನ ಅಥವಾ ಮನೆಗೆಲಸದಾಕೆಯ ಪಾಲಿಗೆ ಬರುತ್ತದೆ, ಪರಿಸರದ ಬಗ್ಗೆ ಮಾತಾಡುವವರು ಬೇರೆ ಯಾರೋ ಆಗಿರುತ್ತಾರೆ. ಬಿಚ್ಚಿದವರೇ ತೊಳೆಯಬೇಕು ಎಂಬ ನಿಯಮ ಹಾಕಿಕೊಂಡರೆ ತಿಂಡಿ ಪೊಟ್ಟಣಗಳ ಸಂಖ್ಯೆಯೂ ತಾನಾಗಿಯೇ ಇಳಿಯುತ್ತದೆ.

ಬಾಟಲಿ, ಡಬ್ಬಿಗಳ ತಳದಲ್ಲಿರುವ ತ್ರಿಕೋನದೊಳಗಿನ ಅಂಕಿಯನ್ನು ನೋಡುವ ರೂಢಿ ಮಾಡಿಕೊಳ್ಳಿ. ನೀರಿನ ಬಾಟಲಿಯ 1, ಶಾಂಪೂ ಬಾಟಲಿಯ 2, ಹಾಲಿನ ಪ್ಯಾಕೆಟ್ಟಿನಂಥ ಮೆತು ಹಾಳೆಯ 4, ಊಟದ ಡಬ್ಬಿಯ 5 ಇವುಗಳಿಗೆ ಕೊಳ್ಳುವವರಿದ್ದಾರೆ. ಪಿವಿಸಿಯ 3, ಥರ್ಮೋಕೋಲಿನ 6, ಮಿಶ್ರ ಪ್ಲಾಸ್ಟಿಕ್ಕಿನ 7 ಬಂದರೆ ಅವುಗಳನ್ನು ಕೊಳ್ಳುವವರು ಕಡಿಮೆ, ಅವು ಮುಂದಿನ ಸಲ ಕೊಳ್ಳುವಾಗಲೇ ತಪ್ಪಿಸಬೇಕಾದವು. ಆನ್‌ಲೈನ್ ಪೆಟ್ಟಿಗೆಯ ಗುಳ್ಳೆ ಹಾಳೆಯನ್ನು ಜೋಪಾನವಾಗಿಟ್ಟುಕೊಂಡರೆ ಹತ್ತಿರದ ಕೊರಿಯರ್ ಅಂಗಡಿಯವರು ಸಂತೋಷದಿಂದ ತೆಗೆದುಕೊಳ್ಳುತ್ತಾರೆ.

ಹಳ್ಳಿಯ ಮನೆಗಳಲ್ಲಿ ಕಸದ ಗಾಡಿ ದಿನಾ ಬರುವುದಿಲ್ಲ; ಸ್ನಾನದ ಹಂಡೆಯ ಒಲೆ ಹೊತ್ತಿಸಲು ತೆಂಗಿನಗರಿಯ ಜೊತೆಗೆ ಒಂದೆರಡು ಕವರ್ ತುರುಕುವುದು ಬೆಳಗಿನ ಅಭ್ಯಾಸವೇ ಆಗಿಬಿಟ್ಟಿದೆ. ಬೇಗ ಹತ್ತಿಕೊಳ್ಳುತ್ತದೆ ನಿಜ. ಆದರೆ ಪ್ಲಾಸ್ಟಿಕ್ ಸುಟ್ಟ ಹೊಗೆ ವಿಷ, ಅದರಲ್ಲೂ ಪಿವಿಸಿ ಸೇರಿದ್ದರೆ ಡಯಾಕ್ಸಿನ್ ಎಂಬ ಅಪಾಯಕಾರಿ ರಾಸಾಯನಿಕ ಹುಟ್ಟುತ್ತದೆ. ಆ ಹೊಗೆಯನ್ನು ಮೊದಲು ಕುಡಿಯುವವರು ಒಲೆಯ ಮುಂದೆ ಊದುಕೊಳವೆ ಹಿಡಿದು ಕೂತವರು. ಒಲೆಯ ಬೂದಿಯನ್ನು ತೋಟಕ್ಕೆ ಚೆಲ್ಲುವುದರಿಂದ ಉಳಿದದ್ದು ಮಣ್ಣಿಗೂ ಹೋಗುತ್ತದೆ. ಒಣಗಿದ ತೆಂಗಿನ ಸಿಪ್ಪೆ, ಅಡಿಕೆ ಸಿಪ್ಪೆಯನ್ನು ಮಳೆಗಾಲಕ್ಕೆಂದು ಅಟ್ಟದಲ್ಲಿ ಕೂಡಿಟ್ಟುಕೊಳ್ಳಿ. ಒಣ ಪ್ಲಾಸ್ಟಿಕ್ಕನ್ನು ಗೊಬ್ಬರದ ಚೀಲವೊಂದರಲ್ಲಿ ತುಂಬಿಸುತ್ತ ಹೋಗಿ, ಗ್ರಾಮ ಪಂಚಾಯಿತಿಯ ಕಸದ ಗಾಡಿ ‘ಸ್ವಚ್ಛವಾಹಿನಿ’ ಬಂದಾಗ ಅಥವಾ ಸಂತೆಯ ದಿನ ಗುಜರಿಯವನು ಸಿಕ್ಕಾಗ ಕೊಡಿ. ಚೀಲದ ಬಾಯಿ ಕಟ್ಟಿರಲಿ, ಉಪ್ಪಿನ ರುಚಿ ಹತ್ತಿದ ಕವರ್‌ಗಳನ್ನು ಹಸು ಬಿಡುವುದಿಲ್ಲ.

ಮೂರು ತಿಂಗಳ ನಂತರ ಒಂದು ಸಾಧಾರಣ ವಾರವನ್ನು ಆರಿಸಿಕೊಂಡು, ಹಬ್ಬವೂ ರಜೆಯೂ ಇಲ್ಲದ ವಾರವಾದರೆ ಒಳ್ಳೆಯದು, ಅಕ್ಕಿ ಚೀಲವನ್ನು ಮತ್ತೆ ನೇತುಹಾಕಿ. ಭಾನುವಾರ ಎಣಿಸಿದ ಸಂಖ್ಯೆಗಳನ್ನು ಕ್ಯಾಲೆಂಡರಿನ ಹಿಂಬದಿಯಲ್ಲಿ ಹಳೆಯವುಗಳ ಪಕ್ಕದಲ್ಲೇ ಬರೆಯಿರಿ. ಇಳಿಯದ ಗುಂಪು ಯಾವುದೆಂದು ಆಗ ಕಾಣುತ್ತದೆ. ಮುಂದಿನ ತಿಂಗಳ ಕೆಲಸ ಅದು.